ಮಾಮಾನ ಯಾಶಿಕಾ, ಲಕ್ಕುಂಡಿಯ ಕಂಬ

ಮೊದಲು ಸಿಕ್ಕಿದ್ದು ನೆಗೆಟಿವ್. ಕ್ಯಾಮೆರಾ ಆಮೇಲೆ ಸಿಕ್ಕಿತು.

ನಮ್ಮ ಸೋದರಮಾವನಿಗೆ ಗದಗದಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಮದುವೆ, ಮುಂಜಿ, ಪಾಸ್‌ಪೋರ್ಟ್ ಸೈಜ್ ಫೋಟೋ, ಇವೇ ಅಲ್ಲಿನ ಕೆಲಸ. ಮಾಮಾ ತೀರಿಕೊಂಡು ಬಹಳ ವರ್ಷ ಆಯಿತು. ಹೋದ ದಸರೆಗೆ ಅತ್ತೆ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಒಂದು ಟ್ರಂಕ್ ಇಳಿಸಿದರು. ಅದರಲ್ಲಿ ಖಾಕಿ ಲಕೋಟೆಗಳ ಕಟ್ಟು. ಎಲ್ಲದರ ಮೇಲೂ ಗಿರಾಕಿಗಳ ಹೆಸರು. ಒಂದರ ಮೇಲೆ ಮಾತ್ರ 'ಲಕ್ಕುಂಡಿ, 1979' ಎಂದು ಪೆನ್ಸಿಲ್ಲಿನಲ್ಲಿ ಬರೆದಿತ್ತು. ಒಳಗೆ ಒಂದೇ ಒಂದು ಚೌಕದ ನೆಗೆಟಿವ್. ಅಂಚಿನಲ್ಲಿ ಓರ್ವೋ ಎನ್‌ಪಿ 22 ಎಂಬ ಅಕ್ಷರ. ಆಗ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಪೂರ್ವ ಜರ್ಮನಿಯ ಈ ರೀಲು ಸುಲಭವಾಗಿ ಸಿಗುತ್ತಿತ್ತು.

ಕಿಟಕಿಗೆ ಹಿಡಿದು ನೋಡಿದೆ. ಕಾಶಿ ವಿಶ್ವೇಶ್ವರ ಗುಡಿಯ ಒಳಮಂಟಪ. ಎಡಕ್ಕೆ ತಿರುಗಣಿಯಲ್ಲಿ ಕಡೆದ ಕಂಬ, ಅದರ ಹಿಂದೆ ಗರ್ಭಗುಡಿ ಕಡೆಯ ಬಾಗಿಲುವಾಡ. ಕಂಬದ ಬಳೆಗಳು ಒಂದೊಂದೂ ಎಣಿಸುವ ಹಾಗೆ ಚೊಕ್ಕವಾಗಿವೆ, ಬಾಗಿಲು ಸ್ವಲ್ಪ ಮಸುಕು. ಕಂಬದ ಬುಡದಲ್ಲಿ ಯಾರೋ ಕೂತಿದ್ದಾರೆ, ತಲೆ ಅಲುಗಿದ್ದರಿಂದ ಮುಖ ಇಲ್ಲ.

ಅದೇ ಟ್ರಂಕಿನ ತಳದಲ್ಲಿ ಕ್ಯಾಮೆರಾ ಇತ್ತು. ಯಾಶಿಕಾ ಡಿ. ಮೇಲೊಂದು ಕೆಳಗೊಂದು ಎರಡು ಲೆನ್ಸ್, ಎರಡೂ 80 ಮಿ.ಮೀ. ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಬಿಂಬ ಬೀಳುವ ಮೇಲಿನ ಮಬ್ಬು ಗಾಜು, ಅಂದರೆ ಗ್ರೌಂಡ್ ಗ್ಲಾಸ್ ನೋಡಿ ಫೋಟೋ ತೆಗೆಯಬೇಕು. 120 ರೀಲು, ಹನ್ನೆರಡು ಫೋಟೋ.

ಆ ಹೊತ್ತಿಗೇ ತೀರ್ಮಾನ ಮಾಡಿದೆ. ಇದೇ ಕ್ಯಾಮೆರಾ ಸರಿ ಮಾಡಿ, ಇದೇ ಲೆನ್ಸ್‌ನಲ್ಲಿ, ಮಾಮಾ ನಿಂತ ಜಾಗದಿಂದಲೇ ಆ ಕಂಬದ ಫೋಟೋ ಮತ್ತೆ ತೆಗೆಯಬೇಕು. ಬೇರೆ ಕ್ಯಾಮೆರಾದಲ್ಲೂ ಲಕ್ಕುಂಡಿ ತೆಗೆಯಬಹುದು, ಫೋನಿನಲ್ಲೂ ತೆಗೆಯಬಹುದು. ಆದರೆ ಅದೇ ಲೆನ್ಸ್, ಅದೇ ಚೌಕ ಇದ್ದರೆ ಎರಡು ನೆಗೆಟಿವ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದು. ಕಲ್ಲು ಎಲ್ಲಿ ಉದುರಿದೆ, ಏನು ಬದಲಾಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಇಂಥ ಕೆಲಸ ನಮ್ಮ ಕಡೆ ಮೊದಲೂ ನಡೆದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಯನ್ನು ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವವೇ ಜಾಗಗಳನ್ನು ಹುಡುಕಿ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಆ ಜೋಡಿ ಚಿತ್ರಗಳನ್ನು ನೋಡಿದಾಗಿನಿಂದ ನನಗೆ ಈ ಹುಚ್ಚು ಇತ್ತು. ನನ್ನದು ಒಂದೇ ಕಂಬ, ಅಷ್ಟೇ ವ್ಯತ್ಯಾಸ.

ಕ್ಯಾಮೆರಾದ ಸ್ಥಿತಿ ಹೀಗಿತ್ತು. ತೊಗಲು ಎರಡು ಕಡೆ ಎದ್ದಿತ್ತು. ಗ್ರೌಂಡ್ ಗ್ಲಾಸ್ ಮೇಲೆ ಬಿಂಬ ಮುಸ್ಸಂಜೆಯಷ್ಟು ಮಬ್ಬು. ಕೆಳಗಿನ ಲೆನ್ಸ್ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಒಂದಿಷ್ಟು ಫಂಗಸ್. ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಬಾಗಿಲು, ಸೆಕೆಂಡಿನ 1/500ರಿಂದ 1/30ರವರೆಗೆ ಕಿವಿಗೆ ಸರಿಯಾಗಿ ಕೇಳಿಸುತ್ತಿತ್ತು. ಅದಕ್ಕಿಂತ ಕೆಳಗೆ ಹೋದರೆ ಕಥೆ ಬೇರೆ. 1/8 ಒಮ್ಮೆ ಕೆಲಸ ಮಾಡಿದರೆ ಒಮ್ಮೆ ಇಲ್ಲ. ಅರ್ಧ ಸೆಕೆಂಡಿಗೆ ಇಟ್ಟರೆ ಮೂರು ಸೆಕೆಂಡ್ ತೆರೆದಿರುತ್ತಿತ್ತು. ಒಂದು ಸೆಕೆಂಡಿಗೆ ಇಟ್ಟರೆ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತಿತ್ತು. ಬೆರಳಿನಿಂದ ತಟ್ಟಿದರೆ ಮಾತ್ರ ಮುಚ್ಚುತ್ತಿತ್ತು.

ಹೊರಗೆ ಬಿಸಿಲಲ್ಲಿ ಫೋಟೋ ತೆಗೆಯುವವರಿಗೆ ಇದು ದೊಡ್ಡ ತೊಂದರೆ ಅಲ್ಲ. ಆದರೆ ಕಲ್ಯಾಣ ಚಾಲುಕ್ಯರ ಈ ಗುಡಿ ಒಳಗೆ ಬೆಳಕು ಬರುವುದು ಹೆಚ್ಚಾಗಿ ಬಾಗಿಲಿನಿಂದಲೇ. ಮಾಮಾನ ನೆಗೆಟಿವ್‌ನಲ್ಲಿ ಬಾಗಿಲು ಮಸುಕಾಗಿದೆ ಅಂದರೆ ಅವರು ಅಪರ್ಚರ್ (ಲೆನ್ಸ್‌ನ ಕಿಂಡಿ) ಜಾಸ್ತಿ ತೆರೆದಿದ್ದರು. ಕೂತವರ ತಲೆ ಅಲುಗಿದೆ ಅಂದರೆ ಶಟರ್ ನಿಧಾನ ಇತ್ತು. ಅದೇ ಮಸುಕು, ಅದೇ ಚೊಕ್ಕತನ ನನ್ನ ಫೋಟೋದಲ್ಲೂ ಬರಬೇಕಾದರೆ ನನಗೂ ಒಂದು ಸೆಕೆಂಡಿನ ಆಸುಪಾಸು ಬೇಕು. ಅದು ನಿಜವಾಗಿ ಒಂದೇ ಸೆಕೆಂಡ್ ಆಗಿರಬೇಕು. ಹಾಗಾಗಿ ತೊಗಲು, ಪಾಲಿಶ್ ಎಲ್ಲ ಬದಿಗಿಟ್ಟು ಶಟರ್‌ನಿಂದ ಶುರು ಮಾಡಿದೆ.

ಬಿಚ್ಚುವ ಮೊದಲು ಅಳೆದಿಟ್ಟುಕೊಂಡೆ. ಫೋನಿನಲ್ಲಿ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತದೆ. ಕ್ಯಾಮೆರಾದ ಹಿಂಬಾಗಿಲು ತೆರೆದು, ಲೆನ್ಸ್ ಎದುರಿಗೆ ಬಲ್ಬ್ ಇಟ್ಟು, ಹಿಂದಿನಿಂದ ವಿಡಿಯೋ ಮಾಡಬೇಕು. ಬೆಳಕು ಕಂಡ ಫ್ರೇಮ್‌ಗಳನ್ನು ಎಣಿಸಿದರೆ ಸಾಕು. 1 ಸೆಕೆಂಡಿಗೆ 240, ಅರ್ಧಕ್ಕೆ 120, 1/8ಕ್ಕೆ 30 ಬರಬೇಕು. 1/30ಕ್ಕೆ 8. ಅದಕ್ಕಿಂತ ಮೇಲಿನ ವೇಗಕ್ಕೆ ಈ ಲೆಕ್ಕ ನಂಬುವ ಹಾಗಿಲ್ಲ, ನನಗೆ ಅದು ಬೇಕಾಗಿಯೂ ಇರಲಿಲ್ಲ.

ಮುಂದಿನ ತೊಗಲನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಒಂದು ಮೂಲೆಯಿಂದ ಮೆಲ್ಲಗೆ ಎಬ್ಬಿಸಿದೆ. ಅದರ ಕೆಳಗೆ ಸ್ಕ್ರೂಗಳು. ಪ್ರತಿ ಸ್ಕ್ರೂ ತೆಗೆದಾಗಲೂ ಒಂದು ಫೋಟೋ, ಮತ್ತು ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಹಂತದ ಸ್ಕ್ರೂ. ಇದು ನಿಜಕ್ಕೂ ಒಳ್ಳೆಯ ಉಪಾಯ. ಜೋಡಿಸುವಾಗ ಗುಳಿಗಳನ್ನು ಉಲ್ಟಾ ಲೆಕ್ಕದಲ್ಲಿ ಖಾಲಿ ಮಾಡುತ್ತ ಬಂದರೆ ಆಯಿತು. ಮುಂದಿನ ತಗಡು ತೆಗೆದು, ಕೆಳಗಿನ ಲೆನ್ಸ್‌ನ ಮುಂಭಾಗವನ್ನು ತಿರುಗಿಸಿ ಬಿಚ್ಚಿ, ಅದರ ಕೆಳಗಿನ ಬಿಗಿ ರಿಂಗ್ ಮತ್ತು ವೇಗ ಹೇಳುವ ತಟ್ಟೆಯನ್ನು ತೆಗೆದಾಗ ಶಟರ್‌ನ ಒಳಗು ಕಂಡಿತು.

ಕೋಪಲ್ ಶಟರ್. ಒಂದು ಕಡೆ ಸಣ್ಣ ಸಣ್ಣ ಹಲ್ಲುಚಕ್ರಗಳ ಗುಂಪು. ನಿಧಾನದ ವೇಗಗಳನ್ನೆಲ್ಲ ನಡೆಸುವುದು ಇದೇ. ಸ್ಪ್ರಿಂಗ್ ಒಂದೇ ಏಟಿಗೆ ಬಿಚ್ಚಿಕೊಳ್ಳದಂತೆ ಈ ಚಕ್ರಗಳು ತಡೆದು ತಡೆದು ಬಿಡುತ್ತವೆ. ಒಂದು ಸೆಕೆಂಡಿಗೆ ಇಟ್ಟಾಗ 'ಜಿರ್ರ್' ಅನ್ನುವ ಶಬ್ದ ಬರುತ್ತದಲ್ಲ, ಅದು ಇವುಗಳದ್ದು. ನನ್ನದರಲ್ಲಿ ಹಳೆಯ ಎಣ್ಣೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಚಕ್ರಗಳನ್ನು ಹಿಡಿದುಕೊಂಡಿತ್ತು.

ಇಲ್ಲಿಗೆ ಬಂದು ನಿಲ್ಲಿಸಿದೆ. ಮುಂದಕ್ಕೆ ಕೈ ಹಾಕಲು ಧೈರ್ಯ ಸಾಲಲಿಲ್ಲ. ನಮ್ಮ ಓಣಿಯ ತುದಿಯಲ್ಲಿ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಕ್ಯಾಮೆರಾವನ್ನು ಹಾಗೇ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ನಿಮಿಷ ಸುಮ್ನೆ ನೋಡಿದರು.

'ತಮ್ಮಾ, ಇದು ಗಡಿಯಾರನ ಐತಿ ನೋಡು' ಅಂದರು. 'ಈ ಕವಲಿನಂಥಾದ್ದು ಐತೆಲ್ಲ, ಟಿಕ್ ಟಿಕ್ ಅಂತ ಬಡಕೊಂತ ಹೋಗತೈತಿ. ನಮ್ಮ ಟೈಂಪೀಸಿನಾಗೂ ಇದ ಇರತೈತಿ.'

'ಎಣ್ಣೆ ಬಿಡಲೇನ್ರಿ?'

'ಬ್ಯಾಡ ಬ್ಯಾಡ. ಎಣ್ಣಿ ಬಿಟ್ಟs ಹಿಂಗಾಗೇತಿ. ಮೊದಲ ತೊಳಿ. ಒಣಗಲಿ. ಆಮ್ಯಾಲೆ ಅಚ್ಚಿನ ತುದಿಗೆ ಸೂಜಿ ಮೊನೀಲೆ ಮುಟ್ಟಿಸಿದಂಗ ಮಾಡು. ಆ ರೆಕ್ಕಿಗೋಳಿಗೆ ಮಾತ್ರ ಒಂದು ಹನೀನೂ ತಾಗಬಾರದು.'

ರೆಕ್ಕೆ ಅಂದರೆ ಶಟರ್ ಎಲೆಗಳು. ಕಾಗದಕ್ಕಿಂತ ತೆಳು ಲೋಹ. ಅವಕ್ಕೆ ಒಂಚೂರು ಎಣ್ಣೆ ತಾಗಿದರೂ ಒದ್ದೆ ಹಾಳೆಗಳ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಅವರು ತಮ್ಮ ಸೀಸೆಯಿಂದ ಒಂದಿಷ್ಟು ವೈಟ್ ಪೆಟ್ರೋಲ್ ಕೊಟ್ಟರು. ವಾಚ್ ಎಣ್ಣೆಯನ್ನು ಒಂದು ಪುಟ್ಟ ಮುಚ್ಚಳದಲ್ಲಿ ಹಾಕಿಕೊಟ್ಟರು. ದುಡ್ಡು ಕೊಡಲು ಹೋದರೆ, 'ಫೋಟೋ ಬಂದ ಮ್ಯಾಲೆ ತೋರಿಸು, ಸಾಕು' ಅಂದರು.

ಮನೆಗೆ ಬಂದು ಕಿಟಕಿಗಳನ್ನೆಲ್ಲ ತೆರೆದು, ಒಲೆ ಹಚ್ಚಬೇಡಿ ಎಂದು ಹೇಳಿ ಕೂತೆ. ಚಕ್ರಗಳ ಗುಂಪನ್ನು ಎರಡು ಸ್ಕ್ರೂ ತೆಗೆದು ಇಡಿಯಾಗಿ ಎತ್ತಿ ಪೆಟ್ರೋಲ್‌ನಲ್ಲಿ ಮುಳುಗಿಸಿದೆ. ಸಣ್ಣ ಬ್ರಷ್‌ನಿಂದ ಆಡಿಸಿದೆ. ಕಂದು ಬಣ್ಣದ ಎಳೆ ಎಳೆಯಾಗಿ ಕೊಳೆ ಬಿಟ್ಟಿತು. ಮೂರು ಸಲ ಪೆಟ್ರೋಲ್ ಬದಲಿಸಿದೆ. ಮೂರನೆಯ ಸಲ ತಿಳಿಯಾಗಿ ಉಳಿಯಿತು. ಶಟರ್ ಎಲೆಗಳಿಗೆ ಹತ್ತಿ ಕಡ್ಡಿಯ ತುದಿಯಲ್ಲಿ ಸ್ವಲ್ಪವೇ ಮುಟ್ಟಿಸಿ, ಶಟರ್ ಹೊಡೆಯುವುದು, ಒರೆಸುವುದು, ಮತ್ತೆ ಹೊಡೆಯುವುದು. ಪೆಟ್ರೋಲ್ ಆರಿದ ಮೇಲೆ ಎಲೆಗಳ ಮೇಲೆ ಮತ್ತೆ ಜಿಡ್ಡಿನ ಕಲೆ ಕಾಣಿಸುತ್ತದೆ, ಒಳಗಿನಿಂದ ಹರಿದು ಬಂದದ್ದು. ಅದು ಕಾಣದಂತಾಗುವವರೆಗೆ ಬಿಡಬಾರದು. ನನಗೆ ಎರಡು ಸಂಜೆ ಹಿಡಿಯಿತು.

ಒಂದು ಎಚ್ಚರಿಕೆ. ಈ ಶಟರ್‌ನಲ್ಲಿ ಸೆಲ್ಫ್ ಟೈಮರ್ ಇದೆ. ಹಳೆಯ ಕ್ಯಾಮೆರಾ ಕೈಗೆ ಬಂದ ಕೂಡಲೇ ಅದನ್ನು ಎಳೆದು ನೋಡುವ ಆಸೆ ಆಗುತ್ತದೆ. ದಯವಿಟ್ಟು ಮುಟ್ಟಬೇಡಿ. ಅದರ ಎಣ್ಣೆಯೂ ಗಟ್ಟಿಯಾಗಿರುತ್ತದೆ. ನಡುದಾರಿಯಲ್ಲಿ ಸಿಕ್ಕಿಕೊಂಡರೆ ಇಡೀ ಶಟರ್ ಸಿಕ್ಕಿಕೊಂಡಂತೆ. ನಾನು ಅದನ್ನು ಮುಟ್ಟಲೇ ಇಲ್ಲ.

ಮತ್ತೆ ಜೋಡಿಸಿ ಎಣಿಸಿದೆ. 1 ಸೆಕೆಂಡಿಗೆ 251 ಫ್ರೇಮ್. ಅರ್ಧಕ್ಕೆ 124. ಕಾಲಿಗೆ 63. 1/8ಕ್ಕೆ 30. ಒಂದು ಸೆಕೆಂಡಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಕಪ್ಪು ಬಿಳುಪಿನ ನೆಗೆಟಿವ್‌ಗೆ ಲೆಕ್ಕಕ್ಕೇ ಬರುವುದಿಲ್ಲ. ಆ 'ಜಿರ್ರ್' ಶಬ್ದ ಎಲ್ಲೂ ತಡವರಿಸದೆ ಮುಗಿದು ಕೊನೆಯಲ್ಲಿ 'ಟಕ್' ಅಂದಾಗ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. ಆ ಶಬ್ದ ಅವರಿಗೆ ಗೊತ್ತಿತ್ತು.

ಲೆನ್ಸ್ ಫಂಗಸ್ ಮೇಲ್ಮೈಯಲ್ಲೇ ಇತ್ತು. ಹೈಡ್ರೋಜನ್ ಪೆರಾಕ್ಸೈಡ್ ಅದ್ದಿದ ಹತ್ತಿಯಿಂದ ಹೋಯಿತು. ಅದಕ್ಕಿಂತ ಕಷ್ಟ ಕೊಟ್ಟದ್ದು ಕನ್ನಡಿ.

ಮೇಲಿನ ಲೆನ್ಸ್‌ನ ಹಿಂದೆ ಓರೆಯಾಗಿ ಕೂತ ಕನ್ನಡಿ ಬಿಂಬವನ್ನು ಗ್ರೌಂಡ್ ಗ್ಲಾಸ್‌ಗೆ ಎತ್ತಿಕೊಡುತ್ತದೆ. ಇದು ಮನೆಯ ಕನ್ನಡಿ ಥರ ಅಲ್ಲ. ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದೆ ಇರುತ್ತದೆ. ಅದನ್ನು ಇಲ್ಲಿ ಹಾಕಿದರೆ ಗಾಜಿನ ಮೇಲ್ಮೈಯಿಂದ ಒಂದು, ಲೇಪದಿಂದ ಒಂದು, ಹೀಗೆ ಎರಡು ಬಿಂಬ ಬರುತ್ತವೆ. ಕ್ಯಾಮೆರಾ ಕನ್ನಡಿಗೆ ಲೇಪ ಮುಂದೆಯೇ ಇರಬೇಕು. ಗುರುತಿಸುವುದು ಸುಲಭ. ಪೆನ್ನಿನ ಮೊನೆ ತಾಗಿಸಿ ನೋಡಿ. ಮೊನೆಗೂ ಬಿಂಬದ ಮೊನೆಗೂ ನಡುವೆ ಜಾಗ ಕಂಡರೆ ಲೇಪ ಹಿಂದಿದೆ. ಎರಡೂ ಮೂತಿ ತಾಗಿಸಿಕೊಂಡರೆ ಲೇಪ ಮುಂದಿದೆ. ಮಾಮಾನ ಕ್ಯಾಮೆರಾದ ಲೇಪ ಅರ್ಧಕ್ಕರ್ಧ ಹೋಗಿ ಬರೀ ಗಾಜು ಉಳಿದಿತ್ತು.

ಗುಜರಿ ಅಂಗಡಿಯಲ್ಲಿ ಹಳೆಯ ಓವರ್‌ಹೆಡ್ ಪ್ರೊಜೆಕ್ಟರ್ ಒಂದು ಸಿಕ್ಕಿತು. ಅದರ ತಲೆಯ ಕನ್ನಡಿಗೆ ಪೆನ್ನು ಮುಟ್ಟಿಸಿದೆ. ಮೊನೆಗೆ ಮೊನೆ ಕೂಡಿತು. ಗಾಜಿನ ಅಂಗಡಿಯವರಿಗೆ ಹಳೆಯ ಕನ್ನಡಿಯ ಅಳತೆಯ ರಟ್ಟು ಕೊಟ್ಟು, ಲೇಪದ ಕಡೆ ಬೆರಳೂ ತಾಗಿಸಬೇಡಿ, ಹಿಂಬದಿಯಿಂದ ಗೀರು ಎಳೆಯಿರಿ ಎಂದು ಹೇಳಿದೆ. ಮೊದಲ ತುಂಡು ಮೂಲೆಯಲ್ಲಿ ಒಡೆಯಿತು. ಎರಡನೆಯದು ಸರಿಯಾಗಿ ಬಂತು.

ಹಾಕಿದ ಮೇಲೆ ಬಿಂಬ ಎಷ್ಟು ಬೆಳಗಿತು ಅಂದರೆ ಮನೆ ಮುಂದಿನ ಬೇವಿನ ಮರದ ಎಲೆಗಳು ಒಂದೊಂದಾಗಿ ಗ್ರೌಂಡ್ ಗ್ಲಾಸ್ ಮೇಲೆ ಅಲ್ಲಾಡುತ್ತಿದ್ದವು. ಆದರೆ ಖುಷಿಯಲ್ಲಿ ಮರೆಯಬಾರದ ಒಂದು ಸಂಗತಿ ಇತ್ತು. ಹೊಸ ಕನ್ನಡಿ ಹಳೆಯದಕ್ಕಿಂತ ಅರ್ಧ ಮಿ.ಮೀ. ದಪ್ಪ. ಲೇಪ ಅಷ್ಟು ಮುಂದೆ ಬಂತು. ಓರೆ ಕನ್ನಡಿ ಆದ್ದರಿಂದ ಬೆಳಕಿನ ದಾರಿ ಅದಕ್ಕಿಂತ ಜಾಸ್ತಿಯೇ ಗಿಡ್ಡ ಆಗುತ್ತದೆ, ಸುಮಾರು 0.7 ಮಿ.ಮೀ. ಅಂದರೆ ಮೇಲೆ ಚೊಕ್ಕ ಕಂಡದ್ದು ಕೆಳಗೆ ರೀಲಿನಲ್ಲಿ ಮಸುಕಾಗಿ ಬೀಳುತ್ತದೆ.

ಇದಕ್ಕೆ ಎರಡೂ ಲೆನ್ಸ್‌ಗಳನ್ನು ಹೊಂದಿಸಬೇಕು. ಸಣ್ಣ ಗಾಜಿನ ಪಟ್ಟಿಗೆ ಮ್ಯಾಟ್ ಟೇಪ್ ಅಂಟಿಸಿ, ಟೇಪ್ ಇರುವ ಮುಖ ಲೆನ್ಸ್ ಕಡೆಗೆ ಬರುವಂತೆ, ರೀಲು ಕೂರುವ ಹಳಿಗಳ ಮೇಲೆ ಇಟ್ಟೆ. ಶಟರ್ ಅನ್ನು ಬಿ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಗುರುತು) ಮೇಲಿಟ್ಟು ತೆರೆದು ಹಿಡಿದೆ. ಮಾಳಿಗೆ ಮೇಲೆ ಹೋಗಿ ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಕ್ಕೆ ಗುರಿ ಇಟ್ಟೆ. ಭೂತಗನ್ನಡಿಯಿಂದ ನೋಡುತ್ತ ಕೆಳಗಿನ ಲೆನ್ಸ್‌ನಲ್ಲಿ ಅದರ ರೆಕ್ಕೆ ಚೊಕ್ಕ ಆಗುವ ಹಾಗೆ ಫೋಕಸ್ ಮಾಡಿದೆ. ಆಮೇಲೆ ಫೋಕಸ್ ಗುಂಡಿ ಮುಟ್ಟದೆ, ಮೇಲಿನ ಲೆನ್ಸ್‌ನ ಬಿಗಿ ಸ್ಕ್ರೂ ಸಡಿಲಿಸಿ, ಗ್ರೌಂಡ್ ಗ್ಲಾಸ್‌ನಲ್ಲೂ ಅದೇ ರೆಕ್ಕೆ ಚೊಕ್ಕ ಆಗುವವರೆಗೆ ಲೆನ್ಸ್ ತಿರುಗಿಸಿದೆ. ಗೋಡೆಗೆ ಪೇಪರ್ ಅಂಟಿಸಿ ಮೂರು ಮೀಟರ್ ದೂರದಿಂದ ಇನ್ನೊಮ್ಮೆ ನೋಡಿದೆ. ಮಾಮಾನ ಕಂಬ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರಬೇಕು ಅಂತ ನನ್ನ ಅಂದಾಜು. ಎರಡೂ ಕೂಡಿದವು.

ಕ್ಯಾಮೆರಾ ಸಿದ್ಧ ಆಯಿತು. ಮಾಮಾ ನಿಂತ ಜಾಗ ಹುಡುಕುವುದು ಹೇಗೆ?

ಗ್ರೌಂಡ್ ಗ್ಲಾಸ್‌ನಲ್ಲಿ ಬಿಂಬ ನೆಟ್ಟಗೆ ಕಾಣುತ್ತದೆ, ಆದರೆ ಎಡ ಬಲ ಅದಲುಬದಲು. ಕೈಯಲ್ಲಿ ಹಳೆಯ ಫೋಟೋ ಹಿಡಿದು ಹೋಲಿಸಲು ಹೋದರೆ ತಲೆ ಕೆಡುತ್ತದೆ. ನಾನು ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿ, ಎಡ ಬಲ ತಿರುಗಿಸಿ, ಕಂಬದ ಅಂಚು, ಬಳೆಗಳು, ಬಾಗಿಲುವಾಡದ ಗೆರೆ ಇಷ್ಟನ್ನೇ ಗೀಟು ಹಾಕಿ, ಪಾರದರ್ಶಕ ಹಾಳೆಯ ಮೇಲೆ ನೆಗೆಟಿವ್‌ನ ಅಳತೆಗೇ ಪ್ರಿಂಟ್ ತೆಗೆದೆ. 56 ಮಿ.ಮೀ. ಚೌಕ. ಅದನ್ನು ಗ್ರೌಂಡ್ ಗ್ಲಾಸ್ ಮೇಲೆ ಇಟ್ಟರೆ ಆಯಿತು. ಎರಡು ಲೆನ್ಸ್‌ನ ಅಳತೆಯೂ ಒಂದೇ ಆದ್ದರಿಂದ ಗೀಟುಗಳು ಗುಡಿಯ ಮೇಲೆ ಕೂರಬೇಕು. ಈ ಕ್ಯಾಮೆರಾನೇ ಸರಿ ಮಾಡಬೇಕು ಅಂತ ಹಟ ಹಿಡಿದದ್ದು ಇದಕ್ಕೇ.

ಗದಗದಿಂದ ಲಕ್ಕುಂಡಿಗೆ ಹೊಸಪೇಟೆ ರಸ್ತೆಯಲ್ಲಿ 12 ಕಿ.ಮೀ. ಬೆಳಿಗ್ಗೆಯ ಬಸ್ಸಿಗೆ ಹೋದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ನಾನು ಟ್ರೈಪಾಡ್ ಒಯ್ಯಲಿಲ್ಲ. ಹಳೆಯ ದಿಂಬಿನ ಗವಸಣಿಗೆಯ ಬಟ್ಟೆಯಲ್ಲಿ ಎರಡು ಚೀಲ ಹೊಲಿದು ಜೋಳ ತುಂಬಿಕೊಂಡಿದ್ದೆ. ಜೋಳದ ಚೀಲದ ಮೇಲೆ ಕ್ಯಾಮೆರಾ ಇಟ್ಟು ಒತ್ತಿದರೆ ಕಲ್ಲಿನ ಹಾಗೆ ಕೂರುತ್ತದೆ. ಮೇಲಿನಿಂದ ನೋಡುವ ಕ್ಯಾಮೆರಾ ಆದ್ದರಿಂದ ನೆಲದ ಮೇಲಿಟ್ಟರೂ ಮಲಗಿ ನೋಡಬೇಕಾಗಿಲ್ಲ.

ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಎರಡು ಗರ್ಭಗುಡಿ ಎದುರುಬದುರು ಇವೆ. ಪಶ್ಚಿಮಕ್ಕೆ ಶಿವ, ಪೂರ್ವಕ್ಕೆ ಸೂರ್ಯ. ಕಂಬಗಳು ಬಳಪದ ಕಲ್ಲಿನವು. ಚಾಲುಕ್ಯರ ಶಿಲ್ಪಿಗಳು ಮೊದಲು ಬಾದಾಮಿ, ಐಹೊಳೆಯ ಮರಳುಗಲ್ಲಿನಲ್ಲಿ ಕೆಲಸ ಮಾಡಿದವರು. ಇಲ್ಲಿಗೆ ಬರುವ ಹೊತ್ತಿಗೆ ಮೃದುವಾದ ಈ ಕಲ್ಲನ್ನು ಹಿಡಿದಿದ್ದರು. ಹಾಗಾಗಿಯೇ ಇಷ್ಟು ಸಣ್ಣ ಕೆತ್ತನೆ ಸಾಧ್ಯ ಆಯಿತು. ಕಂಬವನ್ನು ತಿರುಗಿಸಿ ಕಡೆದ ಗುರುತು ಇವತ್ತಿಗೂ ಕಾಣುತ್ತದೆ. ಬಳೆಯ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಕೂದಲೆಳೆಯಂಥ ಗೆರೆಗಳು ಸುತ್ತಲೂ ಹೊಳೆಯುತ್ತವೆ. ಅದಕ್ಕೆ ಬೆಳಿಗ್ಗೆಯೇ ಹೋಗಬೇಕು. ಹೊತ್ತೇರಿದರೆ ಆ ಗೆರೆ ಕರಗಿಹೋಗುತ್ತದೆ.

ಹಾಳೆ ಇಟ್ಟು ನಿಂತು ನೋಡಿದೆ. ಎಡ ಬಲ ಹೊಂದಿತು, ಎತ್ತರ ಹೊಂದಲಿಲ್ಲ. ಮಾಮಾನ ಚಿತ್ರದಲ್ಲಿ ಕಂಬದ ಒಂದು ಬಳೆ ಹಿಂದಿನ ಬಾಗಿಲುವಾಡದ ಮೇಲ್ಗೆರೆಗೆ ಸರಿಯಾಗಿ ಕೂಡುತ್ತದೆ. ನಾನು ಹೊಟ್ಟೆಯ ಮಟ್ಟದಲ್ಲಿ ಹಿಡಿದರೆ ಬಳೆ ಗೆರೆಯ ಕೆಳಗೆ ನಿಲ್ಲುತ್ತಿತ್ತು. ಬಗ್ಗಿದೆ, ಸ್ವಲ್ಪ ಏರಿತು. ಮಂಡಿಯೂರಿದೆ, ಇನ್ನಷ್ಟು ಏರಿತು. ಹತ್ತಿರದ ವಸ್ತು ದೂರದ್ದಕ್ಕಿಂತ ಬೇಗ ಏರುತ್ತದೆ, ಅದೇ ಲೆಕ್ಕ. ಕೊನೆಗೆ ಹೆಗಲಚೀಲದ ಮೇಲೆ ಜೋಳದ ಚೀಲ ಪೇರಿಸಿ ಕ್ಯಾಮೆರಾ ಇಟ್ಟಾಗ ಬಳೆ ಹೋಗಿ ಗೆರೆಗೆ ಕೂಡಿತು. ಮಾಮಾ ಆವತ್ತು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದಿರಲಿಲ್ಲ! ಯಾವುದರದೋ ಮೇಲೆ ಇಟ್ಟಿದ್ದರು.

ರೀಲು ಇಲ್‌ಫೋರ್ಡ್ ಎಚ್‌ಪಿ5, 400. ಫೋನಿನ ಬೆಳಕಿನ ಮೀಟರ್ ಅಪರ್ಚರ್ ಎಫ್ 5.6ಕ್ಕೆ 1 ಸೆಕೆಂಡ್ ತೋರಿಸಿತು. ಕೇಬಲ್ ರಿಲೀಸ್ (ಕ್ಯಾಮೆರಾ ಅಲುಗದಂತೆ ಶಟರ್ ಒತ್ತುವ ತಂತಿ) ಒತ್ತಿದೆ. ಆ ಕಲ್ಲಿನ ಮಂಟಪದಲ್ಲಿ 'ಜಿರ್ರ್' ಶಬ್ದ ಮನೆಯಲ್ಲಿ ಕೇಳಿದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

ಉಳಿದ ಫೋಟೋಗಳನ್ನು ಗರ್ಭಗುಡಿಯ ಬಾಗಿಲಿಗೆ, ಮಣಿಕೇಶ್ವರ ಗುಡಿಯ ಹತ್ತಿರದ ಮುಸುಕಿನ ಬಾವಿಗೆ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಗೆ ಕೊಟ್ಟೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ತಾಯಿ ಆಕೆ. ಬಸದಿಯ ಒಳಗೆ ನಿಂತಾಗ ನನಗೆ ಅದೇ ನೆನಪು. ಕೈಯಲ್ಲಿ ಬರೆದು ಸಾವಿರ ಪ್ರತಿ! ಗರ್ಭಗುಡಿಯ ಬಾಗಿಲಿಗೆ ಎಫ್ 11ರಲ್ಲಿ ಮೀಟರ್ 4 ಸೆಕೆಂಡ್ ಹೇಳಿತು, ನಾನು 6 ಕೊಟ್ಟೆ. ಒಂದು ಸೆಕೆಂಡ್ ದಾಟಿದ ಮೇಲೆ ರೀಲು ಬೆಳಕನ್ನು ಹೀರುವುದು ಮಂದವಾಗುತ್ತದೆ. ಎಚ್‌ಪಿ5ಕ್ಕೆ 4 ಇದ್ದರೆ 6, 8 ಇದ್ದರೆ 15, ಹೀಗೆ ಹೆಚ್ಚಿಸಬೇಕು.

ರೀಲು ತೊಳೆದದ್ದು ಮನೆಯ ಬಚ್ಚಲಲ್ಲಿ. ನಲ್ಲಿ ನೀರು ಬೆಚ್ಚಗಿತ್ತು, ಬಕೆಟ್‌ಗೆ ಐಸ್ ಹಾಕಿ 20 ಡಿಗ್ರಿಗೆ ತಂದೆ. ಡಿ-76 ಡೆವಲಪರ್, ನೀರು ಬೆರೆಸದೆ, ಏಳೂವರೆ ನಿಮಿಷ. ಫಿಕ್ಸರ್ ಆದ ಮೇಲೆ ನೀರಿನಲ್ಲಿ ತೊಳೆಯಲು ಹರಿಯುವ ನಲ್ಲಿಯೇ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಬೇಕಿಲ್ಲ. ಡಬ್ಬಿ ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಮುಗಿಯಿತು. ಇಲ್‌ಫೋರ್ಡ್‌ನವರೇ ಹೇಳಿಕೊಟ್ಟ ಕ್ರಮ ಇದು. ವಾರಕ್ಕೊಮ್ಮೆ ನೀರು ಬರುವ ಊರಿನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಹನ್ನೆರಡೂ ಬಂದಿದ್ದವು. ಒಣಗಿದ ಮೇಲೆ ಮಾಮಾನ ನೆಗೆಟಿವ್ ಮೇಲೆ ನನ್ನದನ್ನು ಇಟ್ಟೆ. ಕಂಬಕ್ಕೆ ಕಂಬ ಕೂಡಿತು. ಬಳೆ ಮಾತ್ರ ಬಾಗಿಲಿನ ಗೆರೆಯಿಂದ ಮೇಲೆ, ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ದಾಟಿ ನಿಂತಿತ್ತು.

ರಾತ್ರಿ ಅದನ್ನೇ ಯೋಚಿಸುತ್ತ ಮಲಗಿದೆ. ಗುಡಿಯಲ್ಲಿ ಸರಿಯಾಗಿಯೇ ಕೂಡಿಸಿದ್ದೆನಲ್ಲ? ಬೆಳಿಗ್ಗೆ ಕ್ಯಾಮೆರಾ ಎದುರಿಗೆ ಇಟ್ಟುಕೊಂಡು ನೋಡಿದಾಗ ಹೊಳೆಯಿತು. ನಾನು ಕೂಡಿಸಿದ್ದು ಮೇಲಿನ ಲೆನ್ಸ್‌ನಿಂದ. ರೀಲಿನ ಮೇಲೆ ಬಿದ್ದದ್ದು ಕೆಳಗಿನ ಲೆನ್ಸ್‌ನಿಂದ. ಎರಡರ ನಡುವಿನ ಅಂತರ ಅಳೆದೆ, 4 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ಕಂಬ ಮೂರು ಮೀಟರ್, ಬಾಗಿಲು ಆರು ಮೀಟರ್ ದೂರ ಅಂತ ಹಿಡಿದು ಲೆಕ್ಕ ಹಾಕಿದರೆ ನೆಗೆಟಿವ್ ಮೇಲೆ ಅಷ್ಟೇ ವ್ಯತ್ಯಾಸ ಬರುತ್ತದೆ. ಹೊಂದಿಸಿದ ಮೇಲೆ ಆ ಅಂತರದಷ್ಟು ಕ್ಯಾಮೆರಾ ಎತ್ತಬೇಕಿತ್ತು.

ಬಡಗಿಯ ಹತ್ತಿರ ಆ ಅಂತರದಷ್ಟೇ ದಪ್ಪದ ಸಾಗವಾನಿ ತುಂಡೊಂದನ್ನು ಕೊರೆಸಿಕೊಂಡೆ. ಎರಡು ವಾರ ಬಿಟ್ಟು ಮತ್ತೆ ಹೋದೆ. ಹಾಳೆ ಇಟ್ಟು ಹೊಂದಿಸಿದೆ. ಹಾಳೆ ತೆಗೆದೆ. ಚೀಲ ಕದಲದಂತೆ ಹಿಡಿದು ಕ್ಯಾಮೆರಾ ಎತ್ತಿ, ಅಡಿಗೆ ತುಂಡು ಇಟ್ಟೆ. ಮತ್ತೆ ಎಫ್ 5.6, ಒಂದು ಸೆಕೆಂಡ್. ಹೊರಡುವ ಮೊದಲು ಟೇಪಿನಿಂದ ನೆಲಕ್ಕೂ ಕೆಳಗಿನ ಲೆನ್ಸ್‌ನ ನಡುಮಧ್ಯಕ್ಕೂ ಎಷ್ಟು ಎತ್ತರ ಅಂತ ಅಳೆದು ಬರೆದುಕೊಂಡೆ. 46 ಸೆಂ.ಮೀ.

ಈ ಸಲ ಬಳೆ ಮತ್ತು ಗೆರೆ ಒಂದಾದವು. ಎರಡು ನೆಗೆಟಿವ್‌ಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದರೆ ಒಂದೇ ಕಂಬ ಕಾಣುತ್ತದೆ. ಒಂದೆರಡು ಕಡೆ ಮಾತ್ರ ಎರಡು ಎರಡಾಗಿವೆ. ಬಾಗಿಲುವಾಡದ ಎಡಗಡೆ ಕೆಳಗಿನ ಒಂದು ಪುಟ್ಟ ಆಕೃತಿಗೆ ಮಾಮಾನ ಕಾಲದಲ್ಲಿ ಮೊಣಕೈ ಇತ್ತು, ಈಗ ಇಲ್ಲ. ಬುಡದಲ್ಲಿ ಕೂತವರ ಅಲುಗಿದ ತಲೆ ನನ್ನ ಖಾಲಿ ನೆಲದ ಮೇಲೆ ಹೊಗೆಯಂತೆ ತೇಲುತ್ತದೆ.

ವಾಚ್ ರಿಪೇರಿಯ ಹಿರಿಯರಿಗೆ ಪ್ರಿಂಟ್ ಕೊಟ್ಟೆ. ಅವರು ಭೂತಗನ್ನಡಿ ಹಾಕಿಕೊಂಡು ಬಳೆಗಳನ್ನೇ ನೋಡುತ್ತಿದ್ದರು. 'ಇದು ಕೈಲೆ ಕೆತ್ತಿದ್ದಲ್ಲ, ತಿರುಗಿಸಿ ಕಡದದ್ದು' ಅಂದರು. ನಾನು ಹೇಳಿರಲಿಲ್ಲ.

ಅತ್ತೆಗೂ ತೋರಿಸಿ, ಮಾಮಾ ಕ್ಯಾಮೆರಾ ಯಾವುದರ ಮೇಲೆ ಇಡುತ್ತಿದ್ದರು ಅಂತ ಕೇಳಿದೆ.

'ಲೈಟಿನ ಪೆಟಿಗಿ ಇತ್ತಲ್ಲೋ, ಎಲ್ಲಿ ಹೋದ್ರೂ ಅದನ್ನ ಹೊತಗೊಂಡು ಹೋಗತಿದ್ರು' ಅಂದರು. 'ದೇವರ ಮನ್ಯಾಗ ಐತಿ ನೋಡು, ಹಿತ್ತಾಳಿ ಸಾಮಾನು ಹಾಕೇನಿ.'

ಟೇಪ್ ತಂದು ಪೆಟ್ಟಿಗೆಯ ಎತ್ತರ ಅಳೆದೆ. 41 ಸೆಂ.ಮೀ. ಕ್ಯಾಮೆರಾದ ಅಡಿಯಿಂದ ಕೆಳಗಿನ ಲೆನ್ಸ್‌ನ ನಡುಮಧ್ಯಕ್ಕೆ 5.